ನಾವು ತಾರದ ಐವತ್ತು ಪೆಟ್ಟಿಗೆ

ಆ ಹೊಗೆ ನಮ್ಮದಲ್ಲ, ನಮ್ಮ ಉಮು, ಕಲ್ಲಿನ ಒಲೆ, ನಿನ್ನೆಯೇ ತಣ್ಣಗಾಗಿದೆ, ಅದು ಹೊಳೆಯಾಚೆಯ ಬಡಗಿ ಮನೆಯದು, ಅದರ ಹಿಂದಿನದು ಪಾದ್ರಿ ಮನೆಯದು, ಇವತ್ತು ಮಂಗಳವಾರ ತಾನೇ, ಮಂಗಳವಾರ ಯಾರಪ್ಪ ಕಲ್ಲು ಕಾಯಿಸಿ ಗೆಡ್ಡೆ ಬೇಯಿಸುತ್ತಾರೆ, ಭಾನುವಾರದ ಪ್ರಾರ್ಥನೆ ಮುಗಿದ ಮೇಲಿನ ಊಟಕ್ಕಲ್ಲದೆ ಈ ಊರಿನ ಗಂಡಸರು ಉಮುವಿನ ಕಲ್ಲು ಮುಟ್ಟಿದ್ದನ್ನು ನಾನು ನೂರು ವರ್ಷದಿಂದ ಕಂಡಿಲ್ಲ, ನನಗೆ ವಯಸ್ಸು ಐವತ್ತೊಂದು ಆದರೂ ನೂರು ವರ್ಷದಿಂದ ಕಂಡಿಲ್ಲ — ಇದು ನನ್ನ ಕೆಲಸ, ಈ ಹೊಗೆ ನನ್ನ ಬಾಯಿಂದ ಬಂದದ್ದು, ಲಾಗೀ, ಬಾರೇ ನೋಡು ಅಂತ ಕರೆಯೋಣವೆಂದು ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತದೆ, ಕಾವು ಕೂತ ಕೋಳಿಯನ್ನು ಎಬ್ಬಿಸಿದಾಗ ಬರುವಂಥ ಒಂದು ಕ್ರೊರ್ ಅನ್ನುವ ಸದ್ದು, ಒಳಗಿಂದ ಅವಳು, ಮಾತಾಡ್ಬೇಡಿ ಅಂದ್ನಲ್ಲ, ಮೂರು ದಿನ ಬಾಯಿ ಮುಚ್ಕೊಂಡಿರಿ, ಈ ಮನೇಗೂ ಸ್ವಲ್ಪ ನಿದ್ದೆ ಬರ್ಲಿ ಅನ್ನುತ್ತಾಳೆ, ಹೆಂಡತಿ, ಇಪ್ಪತ್ತಾರು ವರ್ಷದಿಂದ ನನ್ನ ಪ್ರತಿಯೊಂದು ಲೆಕ್ಕವನ್ನೂ ಹತ್ತರಿಂದ ಭಾಗಿಸುವವಳು. ಸವಾಯಿ ದ್ವೀಪದ ಅತಿ ದೊಡ್ಡ ಗಂಟಲು ನನ್ನದು, ಇದನ್ನು ನಾನು ಹೇಳಿಕೊಳ್ಳುವುದಿಲ್ಲ, ಜನ ಹೇಳುತ್ತಾರೆ, ಜನ ಹೇಳದಿದ್ದಾಗ ಮಾತ್ರ ನಾನು ಹೇಳುತ್ತೇನೆ, ಸಾವಿಗೆ, ಮದುವೆಗೆ, ಪದವಿ ಕೊಡುವುದಕ್ಕೆ, ಯಾರ ಮನೆಯಲ್ಲಿ ಏನೇ ನಡೆದರೂ ಬಯಲಿನ ಹುಲ್ಲಿನ ಮೇಲೆ ರಾಶಿ ಹಾಕಿದ ಉಡುಗೊರೆಗಳ ಮುಂದೆ ನಿಂತು, ಇದು ಇಂಥವರಿಂದ ಇಂಥವರಿಗೆ, ಇಷ್ಟು ಹಂದಿ, ಇಷ್ಟು ಪೆಟ್ಟಿಗೆ, ಅಂತ ಕೂಗಿ ಹೇಳುವ ಕೂಗುಗಾರ, ನಾನು ಕೂಗಿದರೆ ತೆಂಗಿನ ಮರದಲ್ಲಿ ಬಲಿಯದ ಕಾಯಿಯೂ ಉದುರುತ್ತದೆ, ಜಲಸಂಧಿಯಾಚೆ ಉಪೋಲು ದ್ವೀಪದಲ್ಲಿ ಮಲಗಿದ ಮಕ್ಕಳು ಎದ್ದು ಅಳುತ್ತವೆ, ಒಮ್ಮೆ ದೋಣಿಯವನೊಬ್ಬ ನನ್ನ ಕೂಗನ್ನು ಹಡಗಿನ ಸೀಟಿಯೆಂದು ತಿಳಿದು ದಾರಿ ಬಿಟ್ಟುಕೊಟ್ಟು ಬಂಡೆಗೆ ಗುದ್ದಿಕೊಂಡ, ಆ ದೋಣಿ ಈಗಲೂ ಅಲ್ಲೇ ಇದೆ, ಬೇಕಾದವರು ಹೋಗಿ ನೋಡಬಹುದು.

ಮೂವತ್ತು ವರ್ಷ ಏನು ಕೂಗಿದೆ ನಾನು — ಪಿಸುಪೊ, ಡಬ್ಬಿಯಲ್ಲಿ ಅದುಮಿದ ದನದ ಮಾಂಸ, ತೆರೆದರೆ ಮೇಲೊಂದು ಬೆರಳು ದಪ್ಪ ಹಳದಿ ಕೊಬ್ಬು, ಡಬ್ಬಿ ಮೀನು, ಹಿಮಗಟ್ಟಿದ ಕೋಳಿಕಾಲು, ಕುರಿಯ ಪಕ್ಕೆಯ ಕೊಬ್ಬು, ಮೂರು ನಿಮಿಷದ ನೂಡಲ್ಸು, ಹಂದಿಯ ಹೆಸರು ಹೇಳುವಾಗ ಒಂದು ಉಸಿರು, ಪಿಸುಪೊ ಹೆಸರು ಹೇಳುವಾಗ ಎರಡು ಉಸಿರು, ಯಾಕೆಂದರೆ ಯಾರ ಮನೆಯ ಪೆಟ್ಟಿಗೆ ಹೆಚ್ಚೋ ಅವರ ಮಾನ ಹೆಚ್ಚು, ನನ್ನ ಅಜ್ಜನ ಕಾಲದಲ್ಲಿ ಅತಿಥಿಯ ಕೈಗೆ ಮೊದಲು ಕೊಡುತ್ತಿದ್ದದ್ದು ಎಳನೀರು, ನನ್ನ ಕಾಲದಲ್ಲಿ ಎಳನೀರಿನ ಜಾಗಕ್ಕೆ ಬಣ್ಣದ ಸೋಡಾ ಬಂತು, ಕೆಸುವಿನ ಗೆಡ್ಡೆಯ ಜಾಗಕ್ಕೆ ಬಿಸ್ಕತ್ತಿನ ಪೊಟ್ಟಣ, ಬೇಯಿಸಿದ ಕೋಳಿಯ ಜಾಗಕ್ಕೆ ಡಬ್ಬಿ, ಹೆಸರುಗಳು ಮಾತ್ರ ಹಳೆಯವೇ ಉಳಿದವು, ನಾನು ಬಿಸ್ಕತ್ತು ಹಿಡಿದುಕೊಂಡು ಗೆಡ್ಡೆಯ ಹೆಸರನ್ನು ಕೂಗಿದವನು, ಅದನ್ನು ಕೇಳಿ ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ಆ ಪೆಟ್ಟಿಗೆಗಳನ್ನು ತಿನ್ನುವವರು ಯಾರು ಅಂದರೆ ಎಲ್ಲರೂ, ತಿಂದು ಉಳಿದದ್ದು ಮುಂದಿನ ಸಾವಿಗೆ, ಅಲ್ಲಿಂದ ಅದರ ಮುಂದಿನದಕ್ಕೆ, ಒಂದು ಮೀನಿನ ಪೆಟ್ಟಿಗೆ ಇತ್ತು, ಮೂಲೆಯನ್ನು ಇಲಿ ಕಡಿದದ್ದು, ಅದನ್ನು ನಾನು ಹದಿನೇಳು ಸಾವಿನಲ್ಲಿ ಕೂಗಿದ್ದೇನೆ, ನಮ್ಮ ಪಾದ್ರಿ ಹೋದಷ್ಟು ಸಾವಿನ ಮನೆಗೆ ಅದೂ ಹೋಗಿದೆ, ಪಾದ್ರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು, ಕೊನೆಗೊಂದು ದಿನ ಅದರೊಳಗಿನ ಡಬ್ಬಿಗಳು ಬಸುರಿಯರ ಹಾಗೆ ಉಬ್ಬಿಕೊಂಡವು, ಹೂತುಬಿಡೋಣ ಅಂದೆ, ಲಾಗಿ, ಪಾಪ, ಇಷ್ಟು ಜನರನ್ನ ಕಳಿಸಿಕೊಟ್ಟದ್ದಕ್ಕೆ ಒಂದು ಪ್ರಾರ್ಥನೆ ಮಾಡಿ ಹೂತ್ಬಿಡಿ ಅಂದಳು, ಹದಿನೇಳಲ್ಲ, ನಾಲ್ಕು ಅಂತಲೂ ಅಂದಳು, ಇರಲಿ. ಮೊದಲು ಹೀಗಿರಲಿಲ್ಲ, ನಾನು ಹುಡುಗನಾಗಿದ್ದಾಗ ಗುಡ್ಡದ ತುಂಬ ಕೆಸುವಿನ ತೋಟ, ಆಮೇಲೆ ಎಲೆಗೆ ರೋಗ ಬಂತು, ಒಂದೇ ಮಳೆಗಾಲದಲ್ಲಿ ಇಡೀ ದ್ವೀಪದ ಕೆಸುವು ಕಪ್ಪಾಗಿ ಬಿತ್ತು, ಹಡಗು ಬಂತು, ಅಕ್ಕಿ ಬಂತು, ಪೆಟ್ಟಿಗೆ ಬಂತು, ಹೊಸ ತಳಿಯ ಕೆಸುವು ಬರುವ ಹೊತ್ತಿಗೆ ನಮ್ಮ ನಾಲಗೆ ಡಬ್ಬಿಗೆ ಒಗ್ಗಿತ್ತು, ಗುಡ್ಡ ಹತ್ತುವ ಕಾಲು ಅಂಗಡಿಗೆ ಹೋಗುವುದನ್ನು ಕಲಿತಿತ್ತು, ಆ ಕಾಲೂ ಆಮೇಲೆ — ಬೇಡ, ಅಲ್ಲಿಗೆ ಈಗಲೇ ಹೋಗುವುದು ಬೇಡ, ಮೊದಲು ದೊಡ್ಡಪ್ಪ.

ದೊಡ್ಡಪ್ಪ ಮಲಾಕಿ, ನಮ್ಮ ಕುಟುಂಬದ ಯಜಮಾನ, ಬಾಗಿಲು ಇಲ್ಲದ ನಮ್ಮ ಮನೆಗಳಲ್ಲೂ ಕಂಬಗಳ ನಡುವೆ ಅಡ್ಡಡ್ಡ ತಿರುಗಿ ಬರಬೇಕಾದಷ್ಟು ಅಗಲ ಭುಜ, ಹಂದಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದರ ಜೊತೆ ಮಾತಾಡುತ್ತ ಬರುವವನು, ಕೊನೆಕೊನೆಗೆ ಸಕ್ಕರೆ ಕಾಯಿಲೆಗೆ ಸಿಕ್ಕಿ ಉಪೋಲುವಿನ ಆಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರದ ಪಕ್ಕ ನನ್ನ ಮೊಣಕೈಯಷ್ಟೇ ಆಗಿ ಮಲಗಿದ್ದ, ವಾರಕ್ಕೆ ಮೂರು ಸಲ ದೋಣಿ ದಾಟಿ ಹೋಗುವುದು, ಮೂರು ಸಲ ಬರುವುದು, ಲೋ ಸೌಲೋ, ನಾನು ಈಗ ನಾವಿಕ ಆಗ್ಬಿಟ್ಟೆ ನೋಡು ಅನ್ನುತ್ತಿದ್ದ, ನಗುತ್ತಿದ್ದ, ಆ ದಿನ ನಗಲಿಲ್ಲ. ನಾನು ನ್ಯೂಜಿಲೆಂಡಿನ ಮಾಂಸದ ಕಾರ್ಖಾನೇಲಿ ಹತ್ತೊಂಬತ್ತು ವರ್ಷ ಇದ್ದೆ, ಗೊತ್ತಲ್ಲ ನಿಂಗೆ ಅಂದ, ಗೊತ್ತು, ಆ ಕಥೆ ಗೊತ್ತಿಲ್ಲದ ಹಂದಿ ಕೂಡ ಈ ಊರಲ್ಲಿಲ್ಲ, ಕೊಕ್ಕೆಗೆ ನೇತುಬಿದ್ದ ಕುರಿಗಳು ಸರಪಳಿಯ ಮೇಲೆ ಬರುತ್ತವೆ, ಒಬ್ಬ ಕಾಲು ಕತ್ತರಿಸಬೇಕು, ಒಬ್ಬ ಬೆನ್ನು, ಇಡೀ ಕುರಿಯನ್ನು ಅಲ್ಲಿ ಯಾರೂ ನೋಡುವುದಿಲ್ಲ, ದೊಡ್ಡಪ್ಪನ ಪಾಲಿಗೆ ಪಕ್ಕೆ, ನಿಮಿಷಕ್ಕೆ ಎಂಟು, ಪಕ್ಕೆಯ ಕೊಬ್ಬು ಕೊಯ್ದು ತೂತಿಗೆ ಹಾಕಬೇಕು, ತೂತಿನ ಕೆಳಗೆ ಪೆಟ್ಟಿಗೆ — ಆದರೆ ಯಾರಿಗೂ ಹೇಳದ ತುಂಡೊಂದನ್ನು ಅವನು ಅವತ್ತು ಹೇಳಿದ, ಮೊದಲನೇ ವಾರ ಮೇಸ್ತ್ರೀನ ಕೇಳ್ದೆ ಕಣೋ, ಈ ಕೊಬ್ಬು ಇಲ್ಲಿ ಯಾರೂ ತಿನ್ನಲ್ವಲ್ಲ, ಎಲ್ಲಿಗೆ ಹೋಗುತ್ತೆ ಅಂತ, ಅವನು ನನ್ನ ಮುಖ ನೋಡಿ, ನಿಮ್ಮೂರಿಗೆ ಅಂದ. ನಿಮ್ಮೂರಿಗೆ. ಹತ್ತೊಂಬತ್ತು ವರ್ಷ ನಾನೇ ಕೊಯ್ದೆ, ನಾನೇ ತುಂಬ್ದೆ, ಊರಿಗೆ ಬಂದು ನಾನೇ ಹಂಚ್ದೆ, ನೀನು ಕೂಗ್ದೆ, ಎಲ್ರೂ ತಿಂದ್ರು, ನಾನೂ ತಿಂದೆ. ಆಮೇಲೆ, ನನ್ನ ಸಾವಿಗೆ ಒಂದು ಡಬ್ಬಿ ಬರಬಾರದು. ಒಂದೂ. ಇದು ನನ್ನ ಕಡೇ ಮಾತು. ಲಾಗಿ ಕೇಳಿಸಿಕೊಂಡಳು, ನಾನು ಕೇಳಿಸಿಕೊಂಡೆ, ಕಡೇ ಮಾತು ಅಂದ ಮೇಲೆ ಮುಗಿಯಿತು, ಸತ್ತವನ ಕಡೇ ಮಾತನ್ನು ಮುರಿದ ಮನೆ ನಮ್ಮಲ್ಲಿ ಮೂರು ತಲೆಮಾರು ತಲೆ ಎತ್ತುವುದಿಲ್ಲ, ಆದರೆ ಅತಿಥಿಗಳನ್ನು ಪೆಟ್ಟಿಗೆಯಿಲ್ಲದೆ ಕಳಿಸಿದ ಮನೆಯೂ ಮೂರು ತಲೆಮಾರು ತಲೆ ಎತ್ತುವುದಿಲ್ಲ, ಒಟ್ಟು ಆರು ತಲೆಮಾರನ್ನು ನನ್ನ ಕುತ್ತಿಗೆಗೆ ಕಟ್ಟಿ ಆ ಮುದುಕ ಗುರುವಾರ ಬೆಳಗ್ಗೆ ಹೊರಟುಹೋದ, ಯಾಕೆ ನಂಗೇ ಹೇಳಿದ್ರಿ ದೊಡ್ಡಪ್ಪಾ ಅಂತ ಕೇಳಿದ್ದೆ, ನಿನ್ನ ಬಾಯಿ ದೊಡ್ಡದು ಅದಕ್ಕೆ ಅಂದಿದ್ದ.

ಬಾಯಿ ದೊಡ್ಡದು, ಅದೇ ತೊಂದರೆ, ಆಕ್ಲೆಂಡಿನಿಂದ ಪೆನೀನಾ ಅಕ್ಕ ಬಂದಿಳಿದಳು, ದೊಡ್ಡಪ್ಪನ ಒಬ್ಬಳೇ ಮಗಳು, ಇಳಿಯುವುದಕ್ಕೆ ಮೊದಲೇ ಪಟ್ಟಣದ ಸಗಟು ಅಂಗಡಿಯಿಂದ ಇನ್ನೂರು ಪೆಟ್ಟಿಗೆ ಖರೀದಿಸಿ ಲಾರಿಗೆ ಏರಿಸಿಯಾಗಿತ್ತು, ನಿಜವಾಗಿ ಇನ್ನೂರೇ, ಇದನ್ನು ಲಾಗಿಯೂ ಒಪ್ಪುತ್ತಾಳೆ, ಲಾರಿ ಬಂದು ನಮ್ಮ ಹಲಸಿನ ಮರದ ಕೆಳಗೆ ನಿಂತಿತು, ದೀವಿಹಲಸು, ಅದರ ಕಾಯಿ ಲಾರಿಯ ಮೇಲೆ ಧೊಪ್ಪನೆ ಬಿತ್ತು, ಮರಕ್ಕೂ ಸಿಟ್ಟು ಬಂದಿತ್ತು ಅನ್ನಿಸುತ್ತದೆ. ಅಕ್ಕ ತಂಗಿಯರ ಮಾತನ್ನು ಗಂಡು ಮಕ್ಕಳು ಮೀರುವುದು ನಮ್ಮಲ್ಲಿಲ್ಲ, ಮೀರಿದವನ ಕಣ್ಣಿಗೆ ಹೂ ಬೀಳುತ್ತದೆ, ಅವನ ಹೆಂಡತಿಗೆ ಹೆರಿಗೆ ಕಷ್ಟವಾಗುತ್ತದೆ, ನಾನು ನೆಲ ನೋಡಿಕೊಂಡೇ ಹೇಳಿದೆ, ಅಕ್ಕಾ, ಪೆಟ್ಟಿಗೆ ಬೇಡ, ದೊಡ್ಡಪ್ಪನ ಕಡೇ ಮಾತು. ಯಾರು ಕೇಳಿಸ್ಕೊಂಡ್ರು ಅಂದಳು. ನಾನು, ಲಾಗಿ. ಅವಳು ನಕ್ಕಳು, ಅಳುತ್ತಿದ್ದ ಮುಖದಲ್ಲೇ ನಕ್ಕಳು, ಸೌಲೋ, ಹೋದ ಸಲ ಬಂದಾಗ ನೀನು ದೋಣಿಯಷ್ಟು ದೊಡ್ಡ ಮೀನು ಹಿಡಿದಿದ್ದೆ, ಅದು ಎಲ್ಲಿ ಅಂದ್ರೆ ದೋಣಿ ಸಮೇತ ಮುಳುಗ್ತು ಅಂದೆ, ಅಪ್ಪ ತನ್ನ ಕಡೇ ಮಾತನ್ನ ನಿನ್ನಂಥ ಸುಳ್ಳುಬುರುಕನ ಕೈಗೆ ಕೊಟ್ಟು ಹೋದ್ರು ಅಂತ ನಾನು ನಂಬ್ಬೇಕಾ, ನಾಳೆ ತುಯಿಲೋಮನ ಕಡೆಯವರು ಬರ್ತಾರೆ, ಬರೀ ಗೆಡ್ಡೆ ಕೊಟ್ಟು ಕಳಿಸಿದ್ರೆ ಅವನು ಏನಂತಾನೆ, ಮಗಳು ಆಕ್ಲೆಂಡಲ್ಲಿದ್ದಾಳೆ, ಅಪ್ಪನಿಗೆ ಒಂದು ಪಿಸುಪೊ ಗತಿಯಿಲ್ಲ ಅಂತಾನೆ, ಮುಂದಿನ ಹತ್ತು ಸಾವಲ್ಲಿ ಅದೇ ಹೇಳ್ತಾನೆ. ಹೇಳುತ್ತಾನೆ, ತುಯಿಲೋಮ ಹೇಳಿಯೇ ಹೇಳುತ್ತಾನೆ, ಪಕ್ಕದ ಊರಿನ ತುಲಾಫಾಲೆ, ಊರಿನ ಪರವಾಗಿ ಮಾತಾಡುವುದೇ ಆ ಪದವಿಯ ಕೆಲಸ, ಅವನ ನಾಲಗೆಗೆ ಸಿಕ್ಕಿ ಒಂದು ಮನೆತನ ಊರು ಬಿಟ್ಟು ದ್ವೀಪ ಬಿಟ್ಟು ಸಮುದ್ರದ ನಡುವೆ ಮನೆ ಕಟ್ಟಿಕೊಂಡಿತು, ನನಗೂ ಅವನಿಗೂ ಇಪ್ಪತ್ತು ವರ್ಷದ ಜಿದ್ದು. ಆಗ ನಾನು ಏನು ಮಾಡಿದೆ — ಇದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ನನ್ನ ಹೆಸರು ಕೆಡುತ್ತದೆ — ಆಸ್ಪತ್ರೆಯ ಕೋಣೆಯನ್ನು ಬೆಳೆಸಲಿಲ್ಲ, ಮಿಂಚು ತರಲಿಲ್ಲ, ದೇವದೂತರನ್ನು ಕರೆಸಲಿಲ್ಲ, ಅಕ್ಕಾ, ಮೇಸ್ತ್ರೀನ ಕೇಳಿದ್ರಂತೆ ಕೊಬ್ಬು ಎಲ್ಲಿಗೆ ಹೋಗುತ್ತೆ ಅಂತ, ನಿಮ್ಮೂರಿಗೆ ಅಂದನಂತೆ, ಒಂದು ಡಬ್ಬಿ ಬರಬಾರದು ಅಂದ್ರು, ಅಷ್ಟೇ. ಅವಳು ಕಾದಳು. ಹೂಂ, ಆಮೇಲೆ. ಆಮೇಲೆ ಏನಿಲ್ಲ ಅಕ್ಕಾ, ಅಷ್ಟೇ. ನೀನು ಏನೂ ಸೇರಿಸ್ಲಿಲ್ವಲ್ಲೋ ಅಂದಳು, ಮೆಲ್ಲಗೆ, ಹೆದರಿದವಳ ಹಾಗೆ, ಎದ್ದು ಹೋಗಿ ಲಾರಿಯವನಿಗೆ, ತಿರುಗಿಸಪ್ಪಾ, ವಾಪಸ್ ತಗೊಂಡು ಹೋಗು ಅಂದಳು, ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ಕಥೆ ಇನ್ನೂರು ಪೆಟ್ಟಿಗೆಯ ಲಾರಿಯನ್ನು ಹಿಂದಕ್ಕೆ ನೂಕಿತು.

ಆಮೇಲೆ ಗೆಡ್ಡೆ, ಗೆಡ್ಡೆ ಎಲ್ಲಿದೆ, ದೊಡ್ಡಪ್ಪನ ಗುಡ್ಡ ಕಾಡಾಗಿತ್ತು, ಆದರೆ ಲಾಗಿಯ ತೋಟ ಇತ್ತು, ಎಷ್ಟು ಸಲ ಅಣಕಿಸಿದ್ದೇನೆ, ಮೂರು ನಿಮಿಷಕ್ಕೆ ನೂಡಲ್ಸು ಬೇಯುವಾಗ ಎಂಟು ತಿಂಗಳ ಕೆಸುವು ಯಾಕೆ ಬೇಕೇ ನಿಂಗೆ ಅಂತ, ಅವಳು ಉತ್ತರ ಕೊಡುತ್ತಿರಲಿಲ್ಲ, ಕೋಲು ತೆಗೆದುಕೊಂಡು ಗುಡ್ಡ ಹತ್ತುತ್ತಿದ್ದಳು, ಈಗ ಆ ಗುಡ್ಡದಿಂದ ಗಂಡಸರು ಸಾಲಾಗಿ ಇಳಿಯುತ್ತಾರೆ, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡೂ ತುದಿಗೆ ಬುಟ್ಟಿ, ನಾಲ್ಕು ಸಾವಿರ ಗೆಡ್ಡೆ, ನಾನೇ ಎಣಿಸಿದೆ, ಲಾಗಿ ಎಣಿಸಿದಾಗ ಆರುನೂರು, ಕೆಸುವಿನ ಎಲೆ ಒಂದು ಕಾಡು, ಅದರೊಳಗೆ ತೆಂಗಿನ ಹಾಲು ಸುರಿದು ಮುದ್ದೆ ಕಟ್ಟುವ ಹೆಂಗಸರು ಒಂದು ಸೈನ್ಯ, ಒಲೆಯ ಕಲ್ಲುಗಳು ಕೆಂಪಾಗಿ ಕೂತಿವೆ, ಮೇಲೆ ಬಾಳೆ ಎಲೆ ಮುಚ್ಚಿದರೆ ಆ ವಾಸನೆ, ಅಪ್ಪಾ, ಆ ವಾಸನೆಗೆ ಹಳೆಯ ಸಮಾಧಿಗಳಲ್ಲಿ ಮಲಗಿದವರು ಮಗ್ಗುಲು ಬದಲಾಯಿಸಿರಬೇಕು, ಮಧ್ಯಾಹ್ನದ ಬಿಸಿಲಿಗೆ ಎಲ್ಲವೂ ಹುಲ್ಲಿನ ಮೇಲೆ ಬಂದು ಕೂತಿತು, ಎದುರು ದೊಡ್ಡ ಮನೆ, ಗೋಡೆಯಿಲ್ಲ, ಕಂಬಕ್ಕೊಬ್ಬ ಯಜಮಾನ ಕಾಲು ಮಡಚಿ ಕೂತಿದ್ದಾನೆ, ಕಾಲು ಮಡಚಲಾಗದವರು ಮುಂದಕ್ಕೆ ಚಾಚಿ ಮೇಲೊಂದು ಚಾಪೆ ಹೊದ್ದಿದ್ದಾರೆ, ಬರಿ ಅಂಗಾಲು ಎದುರಿನವರಿಗೆ ಕಾಣಬಾರದಲ್ಲ, ಈಚೀಚೆಗೆ ಚಾಪೆ ಹೊದ್ದವರೇ ಜಾಸ್ತಿ, ನಡುಕಂಬಕ್ಕೆ ಒರಗಿ ತುಯಿಲೋಮ, ಬೂದಿ ಬಣ್ಣದ ತಲೆ, ಹಕ್ಕಿಯ ಕಣ್ಣು, ಅವನು ಹುಲ್ಲಿನ ಮೇಲಿದ್ದದ್ದನ್ನು ಈ ತುದಿಯಿಂದ ಆ ತುದಿಗೆ ನೋಡಿದ, ಆ ತುದಿಯಿಂದ ಈ ತುದಿಗೆ ನೋಡಿದ, ಹುಡುಕುತ್ತಿದ್ದಾನೆ, ಏನು ಹುಡುಕುತ್ತಿದ್ದಾನೆಂದು ಇಡೀ ಬಯಲಿಗೆ ಗೊತ್ತು, ಪೆನೀನಾ ಅಕ್ಕ ಹಿಂದೆ ಫೋನು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದಾಳೆ, ನಾನು ಮೇಲಂಗಿ ಬಿಚ್ಚಿ, ಮೈಗೆ ಎಣ್ಣೆ ಹಚ್ಚಿಕೊಂಡು, ಎದೆ ಎರಡು ಮೊಳ ಉಬ್ಬಿಸಿ ನಿಂತೆ, ಕೂಗಿದೆ.

ಕಿವಿಗೊಡಿ, ಕೂತ ಊರೇ, ಬಂದ ಊರೇ, ಮಲಾಕಿಯ ಮನೆಯಿಂದ ನಿಮಗೆ, ಹಂದಿ ದೊಡ್ಡವು ಹನ್ನೆರಡು, ಕೆಸುವಿನ ಬುಟ್ಟಿ ಅರುವತ್ತು, ದೀವಿಹಲಸಿನ ಬುಟ್ಟಿ ಇಪ್ಪತ್ತು, ಹಾಲೆಲೆಯ ಮುದ್ದೆ ಲೆಕ್ಕವಿಲ್ಲ, ಬಂಡೆಯಂಚಿನ ಮೀನು ಹತ್ತು ಗೊಂಚಲು — ಚೆನ್ನಾಗಿ ಹೋಗುತ್ತಿದೆ, ಗಂಟಲು ಜೇನಿನ ಹಾಗೆ ಇಳಿಯುತ್ತಿದೆ, ಬೆಟ್ಟ ಮಾತು ತಿರುಗಿಸಿ ಕೊಡುತ್ತಿದೆ, ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ನಡೆಯುತ್ತದೆ, ಮನೆ ದಾರಿ ಹಿಡಿದ ಕುದುರೆಯ ಹಾಗೆ, ಸವಾರ ನಿದ್ದೆ ಮಾಡಿದರೂ ಅದು ನಿಲ್ಲುವುದಿಲ್ಲ, ಮೀನಿನ ನಂತರ ಒಂದು ಉಸಿರು, ಮತ್ತೊಂದು ಉಸಿರು, ಎರಡು ಉಸಿರು ತೆಗೆದುಕೊಂಡೆ, ದೇವರೇ, ಎರಡು ಯಾಕೆ ತೆಗೆದುಕೊಂಡೆ, ಮತ್ತು ಪಿಸುಪೊ, ಐವತ್ತು ಪೆಟ್ಟಿಗೆ. ಕೂಗಿಬಿಟ್ಟೆ. ಬೆಟ್ಟ ಅದನ್ನೂ ತಿರುಗಿಸಿ ಕೊಟ್ಟಿತು, ಐವತ್ತು ಪೆಟ್ಟಿಗೆ. ಬಯಲಿನ ಎಲ್ಲ ಕಣ್ಣು ಹುಲ್ಲಿಗೆ ಹೋದವು, ಅಲ್ಲಿ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಹೇಂಟೆ ನಿಂತು ಒಂದು ಕಾಲು ಎತ್ತಿಕೊಂಡು ಯೋಚಿಸುತ್ತಿತ್ತು. ಕೂಗಿದ್ದು ಕೊಟ್ಟ ಹಾಗೆಯೇ, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ದಕ್ಷಿಣದ ಊರಿನಲ್ಲಿ ಒಬ್ಬ ಎಂಟು ಹಂದಿ ಅನ್ನುವ ಕಡೆ ಹದಿನೆಂಟು ಅಂದ, ಅವನ ಮನೆಯವರು ಸಂಜೆಯೊಳಗೆ ಹತ್ತು ಹಂದಿ ಹುಡುಕಿ ತಂದು ನಿಲ್ಲಿಸಬೇಕಾಯಿತು, ತುಯಿಲೋಮನ ಹುಬ್ಬು ಮೇಲೇರಿತು, ಎಷ್ಟು ಮೇಲೇರಿತು ಅಂದರೆ ತಲೆಗೂದಲಿಗೆ ಸೇರಿಕೊಂಡಿತು, ಅವನು ತನ್ನ ಕಡೆಯವರತ್ತ ವಾಲಿ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ, ನನಗೆ ವಯಸ್ಸಾಯ್ತಪ್ಪ, ಕಣ್ಣು ಮಂಜು, ಪೆಟ್ಟಿಗೆ ಯಾರಿಗಾದ್ರೂ ಕಾಣ್ತಿದ್ಯಾ ಅಂದ, ಅಲ್ಲಿ ಇಲ್ಲಿ ನಗು ಶುರುವಾಯಿತು, ಆ ನಗು ನನಗೆ ಗೊತ್ತು, ನಾನೇ ಬೇರೆಯವರಿಗೆ ಎಬ್ಬಿಸಿದ ನಗು, ಪೆನೀನಾ ಅಕ್ಕ ಫೋನು ಎತ್ತಿ ತುಟಿಯಲ್ಲೇ ಕೇಳುತ್ತಾಳೆ, ಲಾರಿ ಕರೀಲಾ. ಕರೆದರೆ ಅರ್ಧ ಗಂಟೆ. ಐವತ್ತು ಪೆಟ್ಟಿಗೆ ಬರುತ್ತದೆ, ಮಾನ ಉಳಿಯುತ್ತದೆ, ಕಡೇ ಮಾತು ಹೋಗುತ್ತದೆ, ಮುದುಕ ಅಲ್ಲಿ ಚಾಪೆಗಳ ಕೆಳಗೆ ಪೆಟ್ಟಿಗೆಯೊಳಗೆ ಮಲಗಿದ್ದಾನೆ, ನಿಮ್ಮೂರಿಗೆ, ನಿಮ್ಮೂರಿಗೆ, ತೂತಿನೊಳಗೆ ಬೀಳುವ ಕೊಬ್ಬು, ನಿಮಿಷಕ್ಕೆ ಎಂಟು, ಹೇಂಟೆ ಎತ್ತಿದ ಕಾಲು ಇನ್ನೂ ಇಳಿಸಿಲ್ಲ, ನನ್ನ ಬೆನ್ನಲ್ಲಿ ಎಣ್ಣೆಯೋ ಬೆವರೋ, ತಲೆ ಅಲ್ಲಾಡಿಸಿದೆ ಅಕ್ಕನಿಗೆ, ಬೇಡ, ಮೂರನೇ ಉಸಿರು ತೆಗೆದುಕೊಂಡೆ, ಮೂರನೇ ಉಸಿರು ತೆಗೆದ ಕೂಗುಗಾರ ನಮ್ಮ ದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ.

ಐವತ್ತು ಪೆಟ್ಟಿಗೆ ಪಿಸುಪೊ — ತಂದಿಲ್ಲ. ಹಾಗೆ ಕೂಗಿದೆ, ಅದೇ ರಾಗ, ಅದೇ ಎದೆ, ಮಹಾ ಉಡುಗೊರೆ ಕೂಗುವ ಗತ್ತಿನಲ್ಲೇ, ತಂದಿಲ್ಲ, ಮಲಾಕಿಯ ಮನೆ ನಿಮಗಾಗಿ ಐವತ್ತು ಪೆಟ್ಟಿಗೆಯನ್ನು ತಾರದೆ ಇಟ್ಟಿದೆ, ದಯಮಾಡಿ ಸ್ವೀಕರಿಸಬೇಕು. ನಗು ನಿಂತಿತು. ಕುರಿಯ ಪಕ್ಕೆ ಮೂವತ್ತು ಪೆಟ್ಟಿಗೆ, ತಂದಿಲ್ಲ, ಆ ಪಕ್ಕೆಯನ್ನು ಕೊಯ್ದವನು ಅಗೋ ಅಲ್ಲಿ ಮಲಗಿದ್ದಾನೆ, ಹತ್ತೊಂಬತ್ತು ವರ್ಷ ಕೊಯ್ದ, ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ ನಿಮ್ಮೂರಿಗೆ ಅಂದರಂತೆ, ಇವತ್ತು ನಮ್ಮೂರಿಗೆ ಬಂದಿಲ್ಲ. ಯಾರೋ ಹಿಂದಿನಿಂದ, ಹೆಂಗಸರ ಕಡೆಯಿಂದ, ಮಾಲಿಯೆ, ಅಂದರು, ಒಳ್ಳೆ ಮಾತಿಗೆ ನಮ್ಮವರು ಕೊಡುವ ಭಲೇ, ಸಣ್ಣಗೆ, ಸಂಶಯದಿಂದ. ಡಬ್ಬಿ ಮೀನು ಎಪ್ಪತ್ತು ಪೆಟ್ಟಿಗೆ, ಇಲಿ ಕಡಿದದ್ದೂ ಸೇರಿ, ತಂದಿಲ್ಲ. ಈಗ ನಗು ಬಂತು, ಬೇರೆ ನಗು, ಆ ಪೆಟ್ಟಿಗೆಯನ್ನು ಎಲ್ಲರೂ ಬಲ್ಲರು, ನಮ್ಮನೇಗೆ ಎರಡು ಸಲ ಬಂದಿತ್ತು ಅಂತ ಒಬ್ಬ, ನಮ್ಮತ್ತೆ ಸತ್ತಾಗ ಅದೇ ಕೊಟ್ರಲ್ಲಯ್ಯಾ ಅಂತ ಇನ್ನೊಬ್ಬ. ನೂಡಲ್ಸು ಒಂದು ಗುಡ್ಡ, ತಂದಿಲ್ಲ. ಬಣ್ಣದ ಸೋಡಾ ಒಂದು ಹೊಳೆ, ತಂದಿಲ್ಲ, ಎಳನೀರು ತನ್ನ ಹೆಸರನ್ನು ವಾಪಸು ಕೇಳುತ್ತಿದೆ, ಕೊಟ್ಟಿದ್ದೇವೆ. ಇಷ್ಟನ್ನು ತಾರದೆ ಏನು ಕೊಡುತ್ತಿದ್ದೇವೆ ಅಂತ ಕೇಳಿ, ನಮ್ಮ ಪಾದ್ರಿಗಳಿಗೆ ಸಕ್ಕರೆ ಕಾಯಿಲೆ ತಿನ್ನದೆ ಉಳಿಸಿರುವ ಒಂದು ಕಣ್ಣು, ಅದು ಅವರ ಹತ್ತಿರವೇ ಇರಲಿ, ಬಡಗಿಯ ಹೆಂಡತಿಗೆ ಆಸ್ಪತ್ರೆಗೆಂದು ದೋಣಿ ದಾಟದ ಮೂರು ದಿನ ಪ್ರತಿ ವಾರ, ಬಂದ ಊರಿನ ಮಕ್ಕಳಿಗೆ ಗುಡ್ಡ ಹತ್ತುವ ಕಾಲು, ಒಂದೊಂದು ಮಗುವಿಗೆ ಎರಡೆರಡು, ಎಣಿಸಿ ತೆಗೆದುಕೊಂಡು ಹೋಗಿ. ಪಾದ್ರಿ ಕಣ್ಣೊರೆಸಿಕೊಂಡು ನಕ್ಕರು, ಮಾಲಿಯೆ, ಮಾಲಿಯೆ, ಈ ಕಂಬದಿಂದ ಆ ಕಂಬಕ್ಕೆ, ಹುಲ್ಲಿನ ಮೇಲೆ ಕೂತ ಹೆಂಗಸರು ಅಂಗೈ ತಟ್ಟುತ್ತಿದ್ದಾರೆ, ಹತ್ತು ಸಾವಿರ ಜನ, ಲಾಗೀ ಸುಮ್ಮನಿರೇ, ಹತ್ತು ಸಾವಿರವೇ, ಗಂಟಲಿನಲ್ಲಿ ಏನೋ ಹರಿದ ಹಾಗಾಯಿತು, ಹರಿಯಲಿ, ಸತ್ತ ಮಲಾಕಿಯ ಬಾಯಿ ಇದು, ನಾನು ಬರೀ ಗಂಟಲು ಅಂದೆ, ಅಲ್ಲಿಗೆ ಸ್ವರ ಹೋಯಿತು, ಕಡ್ಡಿ ಮುರಿದ ಹಾಗೆ.

ಸದ್ದೆಲ್ಲ ನಿಂತಿತು, ಯಾಕೆಂದರೆ ಉತ್ತರ ಬರಬೇಕಾದದ್ದು ತುಯಿಲೋಮನಿಂದ, ಜನ ಎಷ್ಟೇ ಮಾಲಿಯೆ ಅಂದರೂ ಸ್ವೀಕರಿಸಬೇಕಾದವನು ಅವನು, ಅವನು ಬೇಡ ಅಂದರೆ ಬುಟ್ಟಿಗಳು ಹುಲ್ಲಿನ ಮೇಲೆಯೇ ಉಳಿಯುತ್ತವೆ, ದೊಡ್ಡಪ್ಪನ ಹೆಸರು ಅದರ ಜೊತೆ ಕೊಳೆಯುತ್ತದೆ, ಅವನು ನೊಣ ಓಡಿಸುವ ಕುಚ್ಚನ್ನು ಹೆಗಲಿಂದ ತೆಗೆದು ಪಕ್ಕಕ್ಕಿಟ್ಟ, ಪದವಿಯನ್ನೇ ಪಕ್ಕಕ್ಕಿಟ್ಟ ಹಾಗೆ, ಕಾಲ ಮೇಲಿನ ಚಾಪೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದ, ಯಾರೋ ಅಯ್ಯಾ ಬೇಡಿ ಅಂದರು, ಎತ್ತಿದ. ಅಂಗಾಲನ್ನು ಊರಿನ ಎದುರಿಗೆ ಚಾಚಿ ತೋರಿಸಿದ, ಯಾವ ತುಲಾಫಾಲೆಯೂ ಯಾವ ಕಾಲದಲ್ಲೂ ಮಾಡದ್ದು. ಮೂರು ಬೆರಳಿನ ಜಾಗದಲ್ಲಿ ನುಣ್ಣನೆಯ ಚರ್ಮ, ಹೊಲಿಗೆಯ ಗುರುತು. ಎರಡು ಬೆರಳು ಉಳಿದಿದ್ದವು, ಕಿರುಬೆರಳು, ಅದರ ಪಕ್ಕದ್ದು. ಸೌಲೋ, ಅಂದ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೆಸರಿಗೆ ಅಣಕ ಸೇರಿಸದೆ, ಇವೆರಡನ್ನ ನಾನು ಮನೆಗೆ ತಗೊಂಡು ಹೋಗ್ತೀನಪ್ಪ. ಆಮೇಲೆ ತನ್ನ ಕಡೆಯವರಿಗೆ, ಏನು ನೋಡ್ತೀರೋ, ಬುಟ್ಟಿ ಎತ್ರಿ, ಆರಿಹೋಗುತ್ತೆ.

ಎತ್ತಿದರು, ಒಂದು ಬುಟ್ಟಿ ಉಳಿಸಲಿಲ್ಲ, ಒಂದು ಎಲೆ ಉಳಿಸಲಿಲ್ಲ, ಗೆದ್ದೆ, ಎಂಥ ಗೆಲುವು, ಬೆಳಗಿನಿಂದ ಮೂರು ಊರಿನವರು ಬಂದು ಕೇಳಿ ಹೋದರು, ಶನಿವಾರ ನಮ್ಮಲ್ಲೊಂದು ಸಾವಿದೆ, ತಾರದ ಪೆಟ್ಟಿಗೆ ಹೇಗೆ ಕೂಗೋದು ಹೇಳ್ಕೊಡ್ತೀರಾ ಅಂತ, ಲಾಗಿ ನನ್ನ ಪರವಾಗಿ, ಮೊದ್ಲು ಗೆಡ್ಡೆ ನೆಡ್ರಪ್ಪ, ಕೂಗೋದು ಆಮೇಲೆ ಅಂದಳು, ಬೀಜದ ದಂಟು ಕಟ್ಟಿ ಕೊಟ್ಟಳು, ಪೆನೀನಾ ಅಕ್ಕ ಅಪ್ಪನ ಗುಡ್ಡದ ಕಾಡು ಸವರಲು ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದಾಳೆ, ಮುಂದಿನ ವರ್ಷದ ಹೊತ್ತಿಗೆ ನನ್ನ ಹೆಸರಿನಲ್ಲಿ ಒಂದು ರಸ್ತೆ, ಒಂದು ಹಡಗು, ಕಡೇ ಪಕ್ಷ ಒಂದು ಹಂದಿ. ಸ್ವರ ಬರಲಿ, ಹೇಳುತ್ತೇನೆ, ಹೀಗೆ ಹೇಳುತ್ತೇನೆ — ನಾನು ಕೂಗಿದಾಗ ಬಂದರಿನಲ್ಲಿದ್ದ ಸರಕಿನ ಹಡಗು ಪೆಟ್ಟಿಗೆ ಸಮೇತ ಹಿಂದಕ್ಕೆ ತಿರುಗಿತು, ಬೆಟ್ಟ ಎದ್ದು ನಿಂತು ಮಾಲಿಯೆ ಅಂದಿತು, ಆ ಹೇಂಟೆ ಅಲ್ಲೇ ಐವತ್ತು ಮೊಟ್ಟೆ ಇಟ್ಟಿತು, ತುಯಿಲೋಮ ಚಾಪೆ ಎತ್ತಿದ, ಚಾಪೆ ಎತ್ತಿದರೆ ಕಾಲು, ಕಾಲಿನಲ್ಲಿ — ಏನು ಹೇಳಲಿ ಇಲ್ಲಿ, ಕಾಲೇ ಇರಲಿಲ್ಲ ಅಂದರೆ ಕಥೆ ದೊಡ್ಡದಾಗುತ್ತದೆ, ಅಲ್ಲ, ಐದೂ ಬೆರಳು ಮತ್ತೆ ಚಿಗುರಿದವು ಅನ್ನಲಾ, ಅದು ಇನ್ನೂ ಚೆನ್ನ, ಜನ ಒಪ್ಪುತ್ತಾರೆ, ನನ್ನ ಬಾಯಲ್ಲಿ ಏನನ್ನೂ ಒಪ್ಪುತ್ತಾರೆ, ಹೂಂ, ಚಾಪೆ ಎತ್ತಿದ, ಆಗ — ಕಿರುಬೆರಳು. ಅದರ ಪಕ್ಕದ್ದು. ಹತ್ತು ಅನ್ನಲಾ, ನೂರು ಅನ್ನಲಾ. ಅವನು ಮನೆಯಿಂದ ಹೊರಡುವ ಮುಂಚೆ ಮಿಂದು, ಕೊಬ್ಬರಿ ಎಣ್ಣೆ ಹಚ್ಚಿ, ಉಗುರು ಕತ್ತರಿಸಿಕೊಂಡು ಬಂದಿದ್ದ, ಯಾರೂ ನೋಡಬಾರದ ಬೆರಳಿಗೆ. ಬಿಸಿಲು ಬಿತ್ತು ಅದರ ಮೇಲೆ. ಚಾಪೆ ಎತ್ತಿದ, ಎರಡು. ಎರಡು ಬೆರಳು, ಎಣ್ಣೆ, ಬಿಸಿಲು, ಕಿರಿಯದು ಒಮ್ಮೆ ಅಲ್ಲಾಡಿತು. ಎರಡು.